ಉಪ್ಪು ತರಲು ಹೋದವಳು

ಎಡಗಾಲಿನ ಕಾಲುಚೀಲ ಹಿಮ್ಮಡಿಯ ಹತ್ತಿರ ಬಂದು ನಿಂತುಬಿಟ್ಟಿತು. ದೊಡ್ಡವಳು ಮಂಚದ ತುದಿಯಲ್ಲಿ ಮೊಣಕಾಲೂರಿ, ಎರಡೂ ಹೆಬ್ಬೆರಳು ಒಳಗೆ ತೂರಿಸಿ ಎಳೆದಳು. ಬರಲಿಲ್ಲ. ಬದುಕಿದ್ದಾಗಲೂ ಅಪ್ಪ ಹೀಗೆಯೇ. ಕಾಲುಚೀಲ ಹಾಕುವಾಗ ಕಾಲು ಸಡಿಲ ಬಿಡುತ್ತಿರಲಿಲ್ಲ, ಹಟ ಹಿಡಿದ ಮಗುವಿನ ಹಾಗೆ ಬೆರಳುಗಳನ್ನು ಮೇಲಕ್ಕೆತ್ತಿಕೊಂಡು ಕೂರುತ್ತಿದ್ದ. ಈಗಂತೂ ಹೇಳಿದ ಮಾತು ಕೇಳುವ ಪೈಕಿಯೇ ಅಲ್ಲ.

"ಬಿಡೇ ಅಕ್ಕ, ಹೇಗೂ ಹೊದಿಕೆ ಹಾಕ್ತೀವಲ್ಲ. ಯಾರಿಗೂ ಕಾಣಲ್ಲ," ಎಂದಳು ಚಿಕ್ಕವಳು. ಬೆಳಗಿನಿಂದ ಅವಳು ಬಾಗಿಲಲ್ಲೇ ನಿಂತಿದ್ದಳು, ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

"ಕಾಣೋದಕ್ಕಲ್ಲ ಕಣೇ. ಅವನ ಕಾಲು ಯಾವಾಗ್ಲೂ ತಣ್ಣಗಿರುತ್ತೆ."

ಅಂದ ಮೇಲೆ ತಾನು ಅಂದದ್ದೇನು ಎಂದು ಹೊಳೆದು ದೊಡ್ಡವಳು ಮತ್ತೆ ಕಾಲುಚೀಲದ ಕಡೆಗೆ ಬಗ್ಗಿದಳು. ಚಿಕ್ಕವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಮತ್ತೆ ಅಳತೊಡಗಿದಳು. ಐವತ್ತು ವರ್ಷ ತುಂಬಿದ ಹೆಂಗಸು, ಎರಡು ಬೆಳೆದ ಮಕ್ಕಳ ತಾಯಿ. ಅಳುವುದು ಮಾತ್ರ ಐದು ವರ್ಷದವಳ ಹಾಗೆ, ನಡುನಡುವೆ ಬಿಕ್ಕಿ.

ಪಕ್ಕದ ಮನೆಯ ದೊಡ್ಡಮ್ಮ ಬಿಸಿನೀರಿನ ಬೋಗುಣಿ ಹಿಡಿದು ಬಂದವರು ಇಬ್ಬರನ್ನೂ ನೋಡಿದರು. ಎಂಬತ್ತು ದಾಟಿದ್ದರೂ ಅವರ ನಾಲಿಗೆಗೆ ವಯಸ್ಸಾಗಿರಲಿಲ್ಲ. "ದೊಡ್ಡವಳೊಬ್ಬಳಿದ್ರೆ ಮನೇಲಿ ಹತ್ತು ಗಂಡಾಳು ಇದ್ದ ಹಾಗೆ. ಗಟ್ಟಿಗಿತ್ತಿ. ಅವತ್ತೂ ಹಾಗೇ, ಇವತ್ತೂ ಹಾಗೇ. ನೀನೂ ಇದ್ದೀಯಲ್ಲೇ, ಅತ್ತೂ ಅತ್ತೂ ಮೂಗು ಕೆಂಪಗೆ ಮಾಡ್ಕೊಂಡು."

ಅಷ್ಟರಲ್ಲಿ ಫೋನು ಬಂತು. ಚಿತಾಗಾರದ ಕಚೇರಿಯವರು. ನಾಲ್ಕು ಗಂಟೆಗೆ ಸಮಯ ಕೊಟ್ಟಿದೆ, ತಡ ಮಾಡಬೇಡಿ ಎಂದರು. ಆಮೇಲೆ ದಿನಕ್ಕೆ ಹತ್ತು ಸಲ ಹೇಳಿ ಬಾಯಿಪಾಠವಾದ ದನಿಯಲ್ಲಿ, "ಮನೆಯವರೊಬ್ಬರು ಒಳಗಡೆ ಮುಂದೆ ನಿಂತ್ಕೋಬೇಕು. ಅವರು 'ಆಗಲಿ' ಅಂದ ಮೇಲೇನೇ ನಾವು ಒಲೆಯ ಬಾಗಿಲು ಹಾಕೋದು. ಯಾರು ನಿಲ್ತೀರಿ?" ಎಂದು ಕೇಳಿದರು. ಫೋನಿನ ಸದ್ದು ಜೋರಾಗಿತ್ತು. ದೊಡ್ಡವಳು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ, "ಇನ್ಯಾರು? ದೊಡ್ಡ ಮಗಳು ಅಂತ ಬರ್ಕೊಳ್ಳಿ," ಎಂದು ಕೂಗಿಬಿಟ್ಟರು.

"ಸರಿ," ಎಂದಳು ದೊಡ್ಡವಳು.

ಅವಳ ಬಾಯಿಗೆ ಬೇರೆ ಮಾತು ಬರುವುದೇ ಇಲ್ಲ. ಇಪ್ಪತ್ತಾರು ವರ್ಷದಿಂದ ಅವಳದು ಆಂಬುಲೆನ್ಸ್ ಕಚೇರಿಯಲ್ಲಿ ಫೋನು ಎತ್ತುವ ಕೆಲಸ. ಆ ಕಡೆಯಿಂದ ಯಾರೋ ಗಂಟಲು ಹರಿಯುವ ಹಾಗೆ ಕಿರುಚುತ್ತಿರುತ್ತಾರೆ. ಈ ಕಡೆ ಇವಳು, "ವಿಳಾಸ ಹೇಳಿ. ಉಸಿರಾಡ್ತಿದ್ದಾರಾ? ಹತ್ತಿರದಲ್ಲಿ ಗುರುತಿಗೆ ಏನಿದೆ?" ಎಂದು ತರಕಾರಿ ಕೊಳ್ಳುವವಳ ಹಾಗೆ ಕೇಳುತ್ತಾಳೆ. ಕಚೇರಿಯ ಹುಡುಗಿಯರು ಅವಳಿಗೆ 'ಫ್ರಿಜ್ಜು' ಎಂದು ಅಡ್ಡಹೆಸರಿಟ್ಟಿದ್ದಾರೆ. ಹೊಗಳಿಕೆಯೋ ತೆಗಳಿಕೆಯೋ, ಅವಳು ವಿಚಾರಿಸಲು ಹೋಗಿಲ್ಲ.

ಆದರೆ ಆ ಬಾಗಿಲು ಮುಚ್ಚುವುದನ್ನು ಅವಳು ಒಂದು ಸಲ ನೋಡಿದ್ದಳು, ಒಂಬತ್ತು ವರ್ಷದವಳಿದ್ದಾಗ. ಇನ್ನೊಂದು ಸಲ ನೋಡಲು ತನ್ನಿಂದ ಆಗುವುದಿಲ್ಲ ಎಂಬುದು ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರು ತಲೆಯಾಡಿಸಿದ ಕ್ಷಣದಿಂದ ಅವಳಿಗೆ ಗೊತ್ತಿತ್ತು. ಹೇಳುವುದು ಯಾರಿಗೆ? ನಲವತ್ತೈದು ವರ್ಷ ಗಟ್ಟಿಗಿತ್ತಿ ಎನಿಸಿಕೊಂಡವಳು ಈಗ 'ನನಗೆ ಭಯ' ಎಂದರೆ ಜನ ನಂಬದಿರುವುದು ಹಾಗಿರಲಿ, ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಾರು.

ಅವಳು ಬೋಗುಣಿಯ ನೀರಲ್ಲಿ ಕೈ ಅದ್ದಿ, ಅಪ್ಪನ ಹಿಮ್ಮಡಿಗೆ ಸವರಿ, ಮತ್ತೆ ಎಳೆದಳು. ಕಾಲುಚೀಲ ಏರಿತು. ಹಿಮ್ಮಡಿಯ ಹತ್ತಿರ ಅವಳೇ ಹೋದ ಚಳಿಗಾಲದಲ್ಲಿ ಹಾಕಿದ್ದ ನೀಲಿ ತೇಪೆ ಕಂಡಿತು.

*

ಅಪ್ಪ ದೊಡ್ಡ ಬರಹಗಾರನೇನಲ್ಲ. ಸ್ವಂತದ್ದು ಅಂತ ಒಂದು ಕತೆಯನ್ನೂ ಕಟ್ಟಿದವನಲ್ಲ. ಮಕ್ಕಳ ಪುಸ್ತಕ ಮಾಡುವ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ. ಅದರ ಜೊತೆಗೆ ಲೋಕದ ಅಜ್ಜಿಯರೆಲ್ಲ ಹೇಳಿ ಹೇಳಿ ಸವೆಸಿದ ಹಳೆಯ ಕತೆಗಳನ್ನು ಆಗತಾನೆ ಓದಲು ಕಲಿತ ಮಕ್ಕಳಿಗೆ ತಿಳಿಯುವ ಹಾಗೆ ಮತ್ತೆ ಬರೆಯುತ್ತಿದ್ದ. ಹದಿನಾರು ಪುಟ, ಪುಟಕ್ಕೆ ನಾಲ್ಕು ಸಾಲು, ಉಳಿದದ್ದು ಚಿತ್ರ. ದೊಡ್ಡವರ ಹಳೆಯ ಅಂಗಿಯನ್ನು ಬಿಚ್ಚಿ ಮಗುವಿಗೆ ಹೊಲಿದ ಹಾಗೆ. ಬೀದಿಯವರು ಅವನನ್ನು 'ಕತೆ ಮೇಷ್ಟ್ರು' ಎಂದು ಕರೆಯುತ್ತಿದ್ದರು, ಒಂದು ದಿನವೂ ಪಾಠ ಮಾಡದಿದ್ದರೂ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಬರೆದದ್ದನ್ನು ಪ್ರೆಸ್ಸಿಗೆ ಕೊಡುವ ಮೊದಲು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚಿಕ್ಕವಳನ್ನು ತನ್ನ ಕೋಣೆಯ ಮೇಜಿನ ಎದುರು ಕೂರಿಸುತ್ತಿದ್ದ. ಅವಳ ಕೈಗೆ ಒಂದು ಮೊಂಡು ಪೆನ್ಸಿಲ್ ಕೊಡುತ್ತಿದ್ದ.

"ಭಯ ಆದ ಕಡೆ ಮೇಜು ತಟ್ಟು. ಯಾಕೆ ಅಂತ ಹೇಳಬೇಕಾಗಿಲ್ಲ. ನಾನೂ ಕೇಳಲ್ಲ."

ಅವನು ಓದುತ್ತಿದ್ದ. ತಟ್ಟಿದ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದ. ಕೆಂಪು ಪೆನ್ಸಿಲಿನಿಂದ ಆ ಸಾಲನ್ನು ಹೊಡೆದು, ಬೇರೆ ಏನಾದರೂ ಬರೆದು, ಒಂದು ವಾಕ್ಯ ಹಿಂದಕ್ಕೆ ಹೋಗಿ ಮತ್ತೆ ಓದುತ್ತಿದ್ದ. ಕಾರಣ ಕೇಳಬಾರದು, ನಗಬಾರದು, ಒಂದು ವಾಕ್ಯ ಹಿಂದಕ್ಕೆ ಹೋಗಬೇಕು. ಈ ಮೂರು ಅವನ ನೇಮ.

ದೊಡ್ಡವಳಿಗೆ ಅಲ್ಲಿ ಜಾಗವಿರಲಿಲ್ಲ. ಅಮ್ಮ ಹೋದ ಮೇಲೆ ಭಾನುವಾರವೆಂದರೆ ಬಟ್ಟೆ ಒಗೆಯುವ ದಿನ, ಮತ್ತು ಆ ಬಟ್ಟೆ ಒಗೆಯುವವಳು ಅವಳು. ಬಕೆಟ್ಟು ಇಳಿಸಿ, ಕೈ ಒರೆಸಿಕೊಂಡು, ಅಪ್ಪನ ಕೋಣೆಯ ಬಾಗಿಲ ಹಿಂದೆ ಬಂದು ನಿಲ್ಲುತ್ತಿದ್ದಳು. ಬಾಗಿಲು ಯಾವಾಗಲೂ ಅರ್ಧ ತೆರೆದಿರುತ್ತಿತ್ತು. ಗಾಳಿ ಆಡಲಿ ಎಂದು ಅಪ್ಪ ಹಾಗೆ ಬಿಡುತ್ತಾನೆ ಎಂದುಕೊಂಡಿದ್ದಳು.

ಮೊದಲ ಕತೆ ಉಪ್ಪು ತರಲು ಹೋದ ಹುಡುಗಿಯದು. ಮನೆಯಲ್ಲಿ ಉಪ್ಪು ಮುಗಿದಿರುತ್ತದೆ. ದೊಡ್ಡ ಮಗಳು ಬಟ್ಟಲು ಹಿಡಿದು ರಾಕ್ಷಸನ ಮನೆಗೆ ಸಾಲ ಕೇಳಲು ಹೋಗುತ್ತಾಳೆ. ಹಳೆಯ ಕತೆಯ ಆ ರಾಕ್ಷಸ ಮಹಾ ಮರ್ಯಾದಸ್ಥ. ಒಳಗೆ ಬಂದವರನ್ನು ಕೇಳದೆ ಬಾಗಿಲು ಹಾಕುವವನಲ್ಲ. "ಬಾಗಿಲು ಹಾಕಲಾ ಮಗಳೇ?" ಎನ್ನುತ್ತಾನೆ. ದೊಡ್ಡವರ ಮಾತಿಗೆ ಇಲ್ಲ ಅನ್ನಬಾರದು ಎಂದು ಕಲಿತ ಹುಡುಗಿ "ಹಾಕಿ" ಎನ್ನುತ್ತಾಳೆ. ಬಾಗಿಲು ಮುಚ್ಚಿಕೊಳ್ಳುತ್ತದೆ.

ಟಕ್, ಟಕ್, ಟಕ್. ಒಳಗಿನಿಂದ ಪೆನ್ಸಿಲಿನ ಸದ್ದು.

ಅಚ್ಚಾದ ಪುಸ್ತಕದಲ್ಲಿ ರಾಕ್ಷಸ ಏನೂ ಕೇಳುವುದಿಲ್ಲ. ಬಾಗಿಲು ಅರ್ಧ ತೆರೆದೇ ಇರುತ್ತದೆ. ಅವನು ಉಪ್ಪಿನ ಜಾಡಿ ಹುಡುಕಲು ಒಳಗೆ ಹೋದಾಗ ಹುಡುಗಿ ಗೂಡಿನಲ್ಲಿದ್ದ ಉಪ್ಪನ್ನು ಬಟ್ಟಲಿಗೆ ತುಂಬಿಕೊಂಡು ಓಡಿ ಬರುತ್ತಾಳೆ. ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, 'ನನ್ನ ಕತೆ ಕೇಳುವವಳಿಗೆ' ಎಂದಿತ್ತು. ಚಿಕ್ಕವಳು ಆ ಪುಸ್ತಕವನ್ನು ಎದೆಗವಚಿಕೊಂಡು ಬೀದಿಯೆಲ್ಲ ತೋರಿಸಿಕೊಂಡು ಬಂದಳು. ದೊಡ್ಡವಳು ಅವತ್ತು ಅಪ್ಪನ ಬಿಳಿ ಅಂಗಿಯನ್ನು ಉಜ್ಜಿ ಉಜ್ಜಿ ಕಾಲರು ಹರಿದುಹಾಕಿದಳು.

*

ಅಪ್ಪನನ್ನು ನಡುಮನೆಗೆ ತಂದು ಮಲಗಿಸಿದ್ದಾಯಿತು, ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಚಪ್ಪಲಿ ಬಿಟ್ಟ ಜಾಗದಲ್ಲಿ ಕಾಲಿಡಲು ತಾವಿರಲಿಲ್ಲ. ನಡುಮನೆಯಲ್ಲಿ ಕುರ್ಚಿಗಳು ಸಾಲದೆ ದೊಡ್ಡವಳು ಅಡುಗೆಮನೆಯ ಸ್ಟೂಲನ್ನೂ ತಂದು ಹಾಕಿದಳು. ಅದರ ಮೇಲೆ ಕೂತವರು ಚಿತ್ರದಮ್ಮ. ಅಪ್ಪನ ಪುಸ್ತಕಗಳಿಗೆ ಮೊದಲಿನಿಂದ ಕೊನೆಯವರೆಗೆ ಚಿತ್ರ ಬರೆದವರು. ಊರುಗೋಲು ಗೋಡೆಗೆ ಒರಗಿಸಿ, ಅಪ್ಪನ ಮುಖ ನೋಡಿ, ಮೂಗು ಒರೆಸಿಕೊಂಡು, ಆಮೇಲೆ ಬೈಯಲು ಶುರುಮಾಡಿದರು. ಕೆಲವರು ಪ್ರೀತಿಯನ್ನು ಹಾಗೆಯೇ ತೋರಿಸುವುದು.

"ಏನು ಕಾಟ ಕೊಟ್ಟಿದ್ದಾರೆ ಅಂತೀರಿ ಈ ಮನುಷ್ಯ! ಮೂವತ್ತೆಂಟು ಪುಸ್ತಕ. ಮೂವತ್ತೆಂಟರಲ್ಲೂ ಬಾಗಿಲು ಅರ್ಧ ತೆಗೆದೇ ಇರ್ಬೇಕು. ಮಲತಾಯಿ ಕೋಣೇಲಿ ಕೂಡಿಹಾಕಿದ್ರೂ ಬಾಗಿಲು ಅರ್ಧ ತೆಗೆದಿರ್ಬೇಕು. ಅಲ್ಲಾರೀ, ಹಾಗಾದ್ರೆ ಅದು ಕೂಡಿಹಾಕೋದು ಹೇಗಾಗುತ್ತೆ? ತೋಳದ ಗುಹೆಗೆ ಬಾಗಿಲೇ ಇರಲ್ಲ. ಅದಕ್ಕೂ ಒಂದು ಬಾಗಿಲು ಬರೆಸಿ, ಅರ್ಧ ತೆಗೆಸಿದ್ರು!"

ಕೂತಿದ್ದವರು ನಕ್ಕರು. ಸಾವಿನ ಮನೆಯ ನಗು, ಬಂದ ತಕ್ಷಣ ನಾಚಿಕೊಂಡು ಹೋಗುವಂಥದ್ದು.

"ಯಾಕೆ ಅಂತ ಕೇಳಲಿಲ್ವಾ?" ಎಂದರು ಯಾರೋ.

"ಕೇಳ್ದೆ. 'ಕೇಳೋ ಮಗುಗೆ ಆಗಲ್ಲಮ್ಮ' ಅಂದ್ರು. ಅಷ್ಟೇ. ಆಮೇಲೆ ತುಟಿ ಹೊಲ್ಕೊಂಡ್ರು."

ಎಲ್ಲರೂ ಚಿಕ್ಕವಳ ಕಡೆ ತಿರುಗಿದರು. 'ಕೇಳೋ ಮಗು' ಯಾರೆಂದು ಊರಿಗೇ ಗೊತ್ತು. ದೊಡ್ಡಮ್ಮ ಅವಳ ತಲೆ ಸವರಿ, "ಪುಕ್ಕಲಿ ಮುಂಡೇದು. ಇವಳ ಪುಕ್ಕಲುತನದಿಂದ ಎಷ್ಟು ಮಕ್ಕಳು ಹೆದರದೆ ನಿದ್ದೆ ಮಾಡಿದ್ವೋ," ಎಂದರು. ಚಿಕ್ಕವಳು ತಲೆ ತಗ್ಗಿಸಿ ಅಕ್ಕನ ಕಡೆ ಒಮ್ಮೆ ನೋಡಿ ದೃಷ್ಟಿ ಹೊರಳಿಸಿದಳು.

ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ದೊಡ್ಡವಳಿಗೆ ಆ ಗಾದೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕೈಯಲ್ಲಿದ್ದ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸುತ್ತ, ಅಪ್ಪನ ಮೇಲೆ ಅವಳಿಗೆ ಸಿಟ್ಟು ಬಂತು. ನಾಚಿಕೆಯಾಗುವಷ್ಟು ಸಿಟ್ಟು. ಸತ್ತವನ ಮೇಲೆ, ಅದೂ ಅವನಿನ್ನೂ ನಡುಮನೆಯಲ್ಲಿ ಮಲಗಿರುವಾಗಲೇ.

ಚಿತ್ರದಮ್ಮ ಚೀಲದಿಂದ ಒಂದು ದಪ್ಪ ಹಾಳೆ ತೆಗೆದು ಅವಳಿಗೆ ಕೊಟ್ಟರು. "ಮೊದಲನೇ ಪುಸ್ತಕದ್ದು. ತಿರಸ್ಕಾರ ಆದ ಚಿತ್ರ. ಇಷ್ಟು ವರ್ಷ ಹೊಟ್ಟೆಕಿಚ್ಚಿಗೆ ಇಟ್ಕೊಂಡಿದ್ದೆ. ಅವರ ಜೊತೆ ಕಳಿಸಿಬಿಡು."

ರಾಕ್ಷಸನ ಮನೆ. ಮುಚ್ಚಿದ ಬಾಗಿಲು. ಬಾಗಿಲ ಕೆಳಗೆ ಸಿಕ್ಕಿಕೊಂಡ ಲಂಗದ ತುದಿ. ಚೆಂದದ ಚಿತ್ರ. ದೊಡ್ಡವಳು ಹಾಳೆಯನ್ನು ಥಟ್ಟನೆ ಮಗುಚಿದಳು. ಹಾಳೆಯ ಹಿಂದೆ ಕೆಂಪು ಪೆನ್ಸಿಲಿನಲ್ಲಿ ಅಪ್ಪನ ಅಕ್ಷರ: 'ದಯವಿಟ್ಟು ಮುಚ್ಚಬೇಡಿ.'

ಗಡಿಯಾರ ಎರಡು ಹೊಡೆಯಿತು.

*

ಅವತ್ತು ಚಿಕ್ಕವಳನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದರು. "ಅದು ಪುಟ್ಟ ಕೂಸು, ಹೆದರ್ಕೊಳ್ಳುತ್ತೆ," ಎಂದರು. ಒಂಬತ್ತು ವರ್ಷದವಳು ಪುಟ್ಟ ಕೂಸಲ್ಲ ಎಂದು ಯಾರು ಲೆಕ್ಕ ಹಾಕಿದರೋ. ದೊಡ್ಡವಳು ಅಪ್ಪನ ಕೈ ಹಿಡಿದು ಅಮ್ಮನ ಹಿಂದೆ ಚಿತಾಗಾರಕ್ಕೆ ಹೋದಳು. ನಿಜ ಹೇಳಬೇಕೆಂದರೆ ಅಪ್ಪ ಅವಳ ಕೈ ಹಿಡಿದುಕೊಂಡು ಬಂದ.

ಹೊರಗಿನ ಕಲ್ಲುಬೆಂಚಿನ ಮೇಲೆ ಕೂತ ಅಪ್ಪ ಏಳಲೇ ಇಲ್ಲ. ಜನ ಎಬ್ಬಿಸಿದರು, ನೀರು ಕುಡಿಸಿದರು. ಒಳಗಿನಿಂದ ಕಾಕಿ ಅಂಗಿಯವನೊಬ್ಬ ಬಂದು, "ಮನೆಯವರು ಯಾರು? ಮನೆಯವರು ಬೇಕು," ಎಂದ. ಎಲ್ಲರೂ ಅಪ್ಪನ ಕಡೆ ನೋಡಿದರು. ದೊಡ್ಡವಳು ತರಗತಿಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು.

ಯಾರಾದರೂ ಬೇಡ ಎನ್ನಬಹುದಿತ್ತು. ಅಪ್ಪ ಎನ್ನಬಹುದಿತ್ತು. ಅವನು ಅವಳ ಮುಖ ನೋಡಿ, ಆಮೇಲೆ ತನ್ನ ಚಪ್ಪಲಿ ನೋಡಿದ.

ಒಳಗೆ ಕಬ್ಬಿಣದ ಹಳಿ, ಹಳಿಯ ಮೇಲೆ ಅಮ್ಮ, ಹಳಿಯ ಕೊನೆಯಲ್ಲಿ ಗೋಡೆಯಲ್ಲಿ ಒಂದು ಚೌಕದ ಬಾಯಿ. ಬಾಯೊಳಗೆ ಕಿತ್ತಳೆ ಬಣ್ಣ. ಕಾಕಿ ಅಂಗಿಯವನು ಮರ್ಯಾದೆಯ ಮನುಷ್ಯ. ಮಗು ಎಂದು ಸದರ ಮಾಡಲಿಲ್ಲ, ಅಮ್ಮನನ್ನು ತಲೆ ಮುಂದಾಗಿ ಒಳಕ್ಕೆ ಸರಿಸಿ, ದೊಡ್ಡವರನ್ನು ಕೇಳುವ ಹಾಗೆಯೇ ಕೇಳಿದ. "ಬಾಗಿಲು ಹಾಕೋದಾ ಅಮ್ಮಾ? ಆಗಲಿ ಅನ್ನಬೇಕು."

ಅವಳು "ಆಗಲಿ" ಎಂದಳು.

ಬಾಗಿಲು ಮೇಲಿನಿಂದ ಇಳಿಯಿತು. ಮೊದಲು ಅಮ್ಮನ ತಲೆ ಕಾಣದಾಯಿತು, ಆಮೇಲೆ ಕೈ, ಕೊನೆಗೆ ಕಾಲು. ಅಂದದ್ದನ್ನು ವಾಪಸು ತೆಗೆದುಕೊಳ್ಳಲು ಬರುತ್ತದೆಯೇ ಎಂದು ಕೇಳಬೇಕೆನ್ನಿಸಿತು. ಯಾರನ್ನು ಕೇಳಬೇಕೆಂದು ತಿಳಿಯಲಿಲ್ಲ. ಹೊರಗೆ ಬಂದಾಗ ಜನ ಅವಳ ಬೆನ್ನು ತಟ್ಟಿದರು. ಗಟ್ಟಿಗಿತ್ತಿ ಎಂಬ ಹೆಸರು ಹುಟ್ಟಿದ್ದು ಅವತ್ತೇ. ಅಪ್ಪ ಆಮೇಲೆ ನಲವತ್ತೈದು ವರ್ಷವೂ ಅದರ ಸುದ್ದಿ ಎತ್ತಲಿಲ್ಲ.

*

ಶವವಾಹನ ಮೂರಕ್ಕೆ ಬರುವುದಿತ್ತು. ಎರಡೂವರೆಗೆ ದೊಡ್ಡವಳು ಚಿಕ್ಕವಳ ರಟ್ಟೆ ಹಿಡಿದು ಅಪ್ಪನ ಕೋಣೆಗೆ ಎಳೆದುಕೊಂಡು ಹೋದಳು. ಮಂಚ ಖಾಲಿಯಾಗಿತ್ತು. ಮೇಜು, ಎರಡು ಕುರ್ಚಿ, ಗೋಡೆಯಲ್ಲಿ ಮೂವತ್ತೆಂಟು ತೆಳ್ಳನೆಯ ಪುಸ್ತಕ.

"ಪುಟ್ಟಿ, ನೀನು ನಿಂತ್ಕೋ."

"ಎಲ್ಲಿ?"

"ಅಲ್ಲಿ. ಒಳಗೆ. ನೀನೇ ಆಗಲಿ ಅನ್ನು."

ಚಿಕ್ಕವಳು ಹೌಹಾರಿದಳು. "ನನ್ನಿಂದಾಗಲ್ಲ ಅಕ್ಕ. ನಿಂಗೊತ್ತಲ್ಲ ನನ್ನ ಹಣೆಬರಹ. ಈ ಹೊಸ್ತಿಲು ದಾಟೋಕೇ ಬೆಳಿಗ್ಗೆಯಿಂದ ಆಗಿಲ್ಲ."

"ಆಗಲ್ಲ, ಆಗಲ್ಲ, ಆಗಲ್ಲ! ಹುಟ್ಟಿದಾಗಿಂದ ಇದೊಂದೇ ಮಂತ್ರ. ನಿನಗಾಗಲ್ಲ ಅಂದ್ರೆ ಇಡೀ ಲೋಕ ನಿಲ್ಲುತ್ತೆ. ಮೇಜು ತಟ್ಟಿದ್ರೆ ಸಾಕು, ರಾಕ್ಷಸನೂ ಬಾಗಿಲು ತೆಗೀತಾನೆ. ನಿನ್ನ ಭಯಕ್ಕೆ ಅಪ್ಪ ಮೂವತ್ತೆಂಟು ಪುಸ್ತಕ ಬರೆದಿದ್ದಾನೆ. ಹೋಗಿ ಅವನನ್ನ ಕಳಿಸೋದಕ್ಕಾದ್ರೂ ನಿಂತ್ಕೋ!"

ಇಪ್ಪತ್ತಾರು ವರ್ಷ ಏರದ ದನಿ ಏರಿತ್ತು. ನಡುಮನೆಯಲ್ಲಿ ಮಾತು ನಿಂತಿತು. ಚಿಕ್ಕವಳು ಬಾಗಿಲನ್ನು ಮುಂದಕ್ಕೆ ತಳ್ಳಿದಳು, ಪೂರ್ತಿ ಅಲ್ಲ.

"ನಂದಲ್ಲ ಅದು," ಎಂದಳು.

"ಏನು ನಿಂದಲ್ಲ?"

"ಭಯ. ನಾನು ಕಾಗೆಗೆ ಹೆದರ್ತೀನಿ, ಸೂಜಿಗೆ ಹೆದರ್ತೀನಿ, ಸತ್ತವರಿಗೂ ಹೆದರ್ತೀನಿ. ಕತೆಗೆ ಯಾವತ್ತೂ ಹೆದರಿಲ್ಲ. ರಾಕ್ಷಸ ಅಂದ್ರೆ ನಂಗೆ ಪ್ರಾಣ. ಅವನು ಆ ಹುಡುಗೀನ ತಿಂದ್ಬಿಟ್ಟಿದ್ರೂ ಚಪ್ಪಾಳೆ ತಟ್ತಿದ್ದೆ."

"ಮತ್ತೆ ತಟ್ಟಿದ್ದು ಯಾರು? ದೆವ್ವಾನಾ?"

ಚಿಕ್ಕವಳು ಅಪ್ಪನ ಕುರ್ಚಿಯ ಎದುರಿನ ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಬಾಗಿಲ ಕಡೆ ಕೈ ತೋರಿಸಿದಳು. ಬಾಗಿಲಿನ ಕೆಳಗೆ ನಾಲ್ಕು ಬೆರಳಿನಷ್ಟು ಸಂದಿ. "ಇಲ್ಲಿಂದ ನಿನ್ನ ಕಾಲುಬೆರಳು ಕಾಣ್ತಿದ್ವು. ಒದ್ದೆ ಕಾಲು, ಸೋಪಿನ ನೊರೆ ಹತ್ತಿರ್ತಿತ್ತು. ಕತೆ ಚೆನ್ನಾಗಿದ್ದಾಗ ಆಡ್ತಿದ್ವು. ರಾಕ್ಷಸ ಬಾಗಿಲು ಹಾಕ್ಲಾ ಅಂದ್ನಲ್ಲ, ಆಗ ಬೆರಳೆಲ್ಲ ನೆಲಾನ ಕಚ್ಚಿ ಹಿಡ್ಕೊಂಡ್ವು. ಉಗುರು ಬೆಳ್ಳಗಾಯ್ತು. ನೀನು ಬಿದ್ದೋಗ್ತೀಯ ಅನ್ನಿಸ್ತು. ತಟ್ಟಿದೆ."

ದೊಡ್ಡವಳು ಬಗ್ಗಿ ಆ ಸಂದಿಯನ್ನು ನೋಡಿದಳು.

"ಆಮೇಲಿಂದ ಅದೇ ನನ್ನ ಕೆಲಸ. ಕತೆ ಕೇಳೋದಲ್ಲ, ನಿನ್ನ ಕಾಲು ನೋಡೋದು."

"ಅಪ್ಪನಿಗೆ ಗೊತ್ತಿತ್ತಾ?"

"ಮೂರನೇ ಭಾನುವಾರಾನೇ ಗೊತ್ತಾಯ್ತು. 'ನಿನಗೋ, ಅವಳಿಗೋ?' ಅಂದ. ಗದ್ದ ಎತ್ತಿ ಬಾಗಿಲ ಕಡೆ ತೋರಿಸಿದೆ. ಅವತ್ತಿಂದ ಕುರ್ಚಿ ಸ್ವಲ್ಪ ಈ ಕಡೆ ತಿರುಗಿಸಿಕೊಂಡು ಜೋರಾಗಿ ಓದೋಕೆ ಶುರುಮಾಡಿದ. ಯಾರಿಗೂ ಹೇಳಬೇಡ ಅಂದ, ಆಣೆ ಹಾಕಿಸ್ಕೊಂಡ."

"ಗೊತ್ತಿದ್ದೂ ಒಳಗೆ ಕರೀಲಿಲ್ಲ."

"ಒಂದ್ಸಲ ನಾನೇ ಕೇಳ್ದೆ, ಅಕ್ಕನ್ನ ಕರಿ ಅಂತ. 'ಕರೆದ್ರೆ ಬಂದು ಕೂತು, ನನಗೇನೂ ಭಯ ಇಲ್ಲ ಅಂತಾಳೆ. ಬಾಗಿಲ ಹಿಂದೆ ಆದ್ರೆ ನಿಜ ಹೇಳ್ತಾಳೆ,' ಅಂದ."

"ಚೆನ್ನಾಯ್ತು. ಪುಸ್ತಕಕ್ಕೆ ಒಳ್ಳೇದಾಯ್ತು."

"ಅಕ್ಕ..."

"ಇಲ್ಲ ಕಣೇ, ಹೇಳ್ತೀನಿ ಕೇಳು. ಅವನು ಬಾಗಿಲು ತೆಗೆದಿಟ್ಟ. ಊರಿನ ಮಕ್ಕಳಿಗೆಲ್ಲ ತೆಗೆದಿಟ್ಟ. ಎದ್ದು ಈಚೆ ಬಂದು ಒಂದ್ಸಲ, ಒಂದೇ ಒಂದ್ಸಲ, ಮಗೂ ಅವತ್ತು ನಾನು ಏಳಬೇಕಾಗಿತ್ತು ಅಂದಿದ್ರೆ ಏನು ಹೋಗ್ತಿತ್ತು? ನಾಲ್ಕು ಹೆಜ್ಜೆ. ನಾಲ್ಕು ಹೆಜ್ಜೆ ಇದೆ ಆ ಕುರ್ಚಿಯಿಂದ ಇಲ್ಲಿಗೆ."

ಚಿಕ್ಕವಳಿಗೆ ಅವತ್ತು ಒಳಗೆ ನಡೆದದ್ದು ಗೊತ್ತಿರಲಿಲ್ಲ. ಅವಳ ಮುಖ ನೋಡಿದರೆ ಅದು ತಿಳಿಯುತ್ತಿತ್ತು. ದೊಡ್ಡವಳು ಹೇಳಿದಳು. ಕಲ್ಲುಬೆಂಚು, ಎತ್ತಿದ ಕೈ, ಆಗಲಿ ಎಂದದ್ದು, ಕೊನೆಗೆ ಕಂಡ ಅಮ್ಮನ ಕಾಲು. ಅಂಚೆ ವಿಳಾಸ ಹೇಳುವ ಹಾಗೆ, ಒಂದಾದ ಮೇಲೊಂದು ಹೇಳಿ ಮುಗಿಸಿದಳು. ಮುಗಿದ ಮೇಲೂ ಅವಳಿಗೆ ಹಗುರವೆನಿಸಲಿಲ್ಲ. ಹೇಳಿಕೊಂಡರೆ ಹಗುರವಾಗುತ್ತದೆ ಎನ್ನುವವರು ಬಹುಶಃ ಸಣ್ಣಪುಟ್ಟದ್ದನ್ನು ಹೇಳಿಕೊಂಡವರಿರಬೇಕು.

ಚಿಕ್ಕವಳು ಈ ಸಲ ಅಳಲಿಲ್ಲ. ಮೇಜಿನ ಖಾನೆ ಎಳೆದು, ಒಳಗೆ ಕೈಯಾಡಿಸಿ, ಹೆಬ್ಬೆರಳುದ್ದದ ಮೊಂಡು ಪೆನ್ಸಿಲೊಂದನ್ನು ತೆಗೆದಳು. ಹಿಂಬದಿ ತಟ್ಟಿ ತಟ್ಟಿ ಚಪ್ಪಟೆಯಾಗಿತ್ತು.

"ಇದನ್ನ ಅವನ ಜೇಬಿಗೆ ಹಾಕೋಣ ಅಂತಿದ್ದೆ," ಎಂದಳು. "ಬೇಡ. ನಿಂದು ಇದು. ತಗೋ."

ಹೊರಗೆ ಗಾಡಿಯ ಹಾರನ್ನು ಕೇಳಿತು. ದೊಡ್ಡವಳು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಂಡು, ಜನರಿಗೆ ದಾರಿ ಬಿಡಿಸಲು ಹೋದಳು. ಆ ಕೆಲಸ ಮಾಡುವವರು ಬೇರೆ ಯಾರೂ ಇರಲಿಲ್ಲ.

*

ಚಿತಾಗಾರಕ್ಕೆ ಹೊಸದಾಗಿ ಬಿಳಿ ಹಂಚು ಹಾಕಿದ್ದರು. ಕಲ್ಲುಬೆಂಚು ಮಾತ್ರ ಅದೇ. ದೊಡ್ಡಮ್ಮ, ಚಿತ್ರದಮ್ಮ, ಪ್ರೆಸ್ಸಿನವರು ಹೊರಗೆ ಉಳಿದರು. ಚಿಕ್ಕವಳು ಒಳಕೋಣೆಯ ಹೊಸ್ತಿಲವರೆಗೆ ಬಂದು ಚೌಕಟ್ಟು ಹಿಡಿದು ನಿಂತಳು.

ಹಳಿ ಅದೇ, ಚೌಕದ ಬಾಯಿ ಅದೇ. ಮುಂದೆ ಕಬ್ಬಿಣದ ಕಟಕಟೆ. ಯಂತ್ರ ನೋಡಿಕೊಳ್ಳುವವನಿಗೆ ವಯಸ್ಸಾಗಿತ್ತು, ಕನ್ನಡಕ ಹಣೆಗೇರಿಸಿಕೊಂಡಿದ್ದ. ಅಪ್ಪನನ್ನು ಹಳಿಯ ಮೇಲೆ ತಲೆ ಮುಂದಾಗಿ ಒಳಕ್ಕೆ ಸರಿಸಿದ, ಹೊದಿಕೆ ಕಾಲಿನಿಂದ ಜಾರಿತು. ಅವನ ಎದೆಯ ಮೇಲಿದ್ದ ಚಿತ್ರದಮ್ಮನ ಹಾಳೆಯೂ ಒಳಗೆ ಹೋಯಿತು, ಮುಚ್ಚಿದ ಬಾಗಿಲಿನ ಸಮೇತ. ಆಮೇಲೆ ಯಂತ್ರದವನು ಗೋಡೆಯ ಹತ್ತಿರ ಹೋಗಿ, ಗುಂಡಿಯ ಮೇಲೆ ಬೆರಳಿಟ್ಟು, ತಿರುಗಿ ನೋಡಿದ.

"ನೀವೇನಮ್ಮಾ ದೊಡ್ಡ ಮಗಳು?"

"ಹೂಂ."

"ಹಾಕೋದಾ?"

"ಆಗಲಿ," ಎಂದಳು ದೊಡ್ಡವಳು. ಫೋನಿನ ದನಿ. ತಾನಾಗಿಯೇ ಬಂತು, ಇಪ್ಪತ್ತಾರು ವರ್ಷದ, ನಲವತ್ತೈದು ವರ್ಷದ ಅಭ್ಯಾಸ.

ಬಾಗಿಲು ಇಳಿಯತೊಡಗಿತು. ಅಪ್ಪನ ತಲೆ ಕಾಣದಾಯಿತು. ಹಾಳೆ ಕಾಣದಾಯಿತು. ಅವಳ ಚಪ್ಪಲಿಯೊಳಗೆ ಕಾಲುಬೆರಳು ಒಂದೊಂದಾಗಿ ಮಡಚಿಕೊಂಡವು.

ಟಕ್, ಟಕ್, ಟಕ್.

ಸದ್ದು ತನ್ನ ಕೈಯಿಂದಲೇ ಬಂದದ್ದು ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಕಟಕಟೆಯ ಕಬ್ಬಿಣಕ್ಕೆ ಪೆನ್ಸಿಲಿನ ಚಪ್ಪಟೆ ತುದಿ. ಮತ್ತೆ ತಟ್ಟಿದಳು, ಇನ್ನೂ ಜೋರಾಗಿ.

ಯಂತ್ರದವನು ಗುಂಡಿಯಿಂದ ಬೆರಳು ತೆಗೆದ. ಬಾಗಿಲು ನಿಂತಿತು.

"ಏನಮ್ಮಾ? ಏನಾಯ್ತು?"

"ಕಾರಣ ಕೇಳಬಾರದು," ಎಂದಳು ಚಿಕ್ಕವಳು. ಅವಳು ಹೊಸ್ತಿಲು ದಾಟಿ ಒಳಗೆ ಬಂದಿದ್ದಳು. ಅಕ್ಕನ ಪಕ್ಕದಲ್ಲಿ ನಿಂತು, ಬಾಗಿಲ ಕಡೆ ನೋಡದೆ ನೆಲ ನೋಡುತ್ತಿದ್ದಳು, ಅಕ್ಕನ ಕಾಲುಗಳನ್ನು. "ಸ್ವಲ್ಪ ಹಿಂದಕ್ಕೆ ತಗೊಳ್ಳಿ ಅಣ್ಣ. ಒಂಚೂರು ಹಿಂದಕ್ಕೆ."

"ನನಗೆ ಭಯ ಆಗ್ತಿದೆ," ಎಂದಳು ದೊಡ್ಡವಳು, ಯಾರಿಗೆಂದಿಲ್ಲದೆ.

ಮುದುಕ ಇಬ್ಬರನ್ನೂ ನೋಡಿದ. ನಗಲಿಲ್ಲ. ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿ, ಇನ್ನೊಂದು ಗುಂಡಿ ಒತ್ತಿದ. ಬಾಗಿಲು ಒಂದು ಮೊಳದಷ್ಟು ಮೇಲಕ್ಕೆ ಏರಿ, ಅರ್ಧದಲ್ಲಿ ನಿಂತಿತು. ಅದರ ಕೆಳಗಿನ ಸಂದಿಯಲ್ಲಿ, ಕಿತ್ತಳೆ ಬೆಳಕಿಗೆ ಬೆನ್ನು ಮಾಡಿ, ಎರಡು ಕಾಲುಚೀಲಗಳು ಕಾಣುತ್ತಿದ್ದವು, ಒಂದರ ಹಿಮ್ಮಡಿಯಲ್ಲಿ ನೀಲಿ ತೇಪೆ.